ಊರಿನ ಹೆಸರಿನಲ್ಲಿ ಯಾರಿದ್ದಾರೆ?

ಶಿವಮೊಗ್ಗದಿಂದ ಹೊಸನಗರಕ್ಕೆ ಹೊರಟ ಬಸ್ಸು. ಕಿಟಕಿ ಪಕ್ಕ ಕುಳಿತ ಮೊಮ್ಮಗಳು ದಾರಿಯ ಫಲಕಗಳನ್ನು ಒಂದೊಂದಾಗಿ ಓದುತ್ತಿದ್ದಳು.

“ಅಜ್ಜ, ರಿಪ್ಪನ್‌ಪೇಟೆ ಅಂತ ಬರೆದಿದೆ. ರಿಪ್ಪನ್ ಅಂದ್ರೆ ಏನು?”

“ಏನು ಅಂತಲ್ಲ ಪುಟ್ಟಿ, ಯಾರು ಅಂತ ಕೇಳು” ಎಂದು ಅಜ್ಜ ನಕ್ಕರು.

ಲಾರ್ಡ್ ರಿಪ್ಪನ್ 1880ರಿಂದ 1884ರವರೆಗೆ ಭಾರತದ ವೈಸರಾಯ್ ಆಗಿದ್ದವರು. ಅವರು ಹೋಗಿ ನೂರಕ್ಕೂ ಹೆಚ್ಚು ವರ್ಷವಾಯಿತು. ಮಲೆನಾಡಿನ ಈ ಪೇಟೆಯಲ್ಲಿ ಅವರ ಹೆಸರು ಮಾತ್ರ ಇನ್ನೂ ಉಳಿದಿದೆ.

ಬಂದವರು ಹೋದರೂ ಹೆಸರು ಉಳಿಯುವುದು ಎಲ್ಲ ದೇಶಗಳಲ್ಲೂ ಉಂಟು. ಸುಮಾರು 1100 ವರ್ಷಗಳ ಹಿಂದೆ ವೈಕಿಂಗರು ಎಂಬ ಕಡಲಯಾನಿಗಳು ಹಡಗೇರಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದರು. ಅಲ್ಲಿನ ಗ್ರಿಮ್ಸ್‌ಬಿ, ಡಾರ್ಬಿ ಎಂಬ ಊರುಗಳ ಕೊನೆಯ ‘ಬಿ’ ಅವರ ಮಾತು. ಊರು ಎಂದು ಅದರ ಅರ್ಥ. ಯಾರ್ಕ್ ನಗರದಲ್ಲಿ 1976ರಿಂದ ನೆಲ ಅಗೆದಾಗ ಅವರ ಮನೆಗಳು, ಬಾಚಣಿಗೆಗಳು, ಚರ್ಮದ ಪಾದರಕ್ಷೆಗಳೂ ಸಿಕ್ಕವು. ಹೆಸರು ಹೇಳಿದ್ದನ್ನೇ ಮಣ್ಣೂ ಹೇಳಿತು.

ಸಾಗರ, ಹೊಸನಗರ, ತೀರ್ಥಹಳ್ಳಿಗೆ ವೈಕಿಂಗರು ಬರಲಿಲ್ಲ. ಆದರೆ ಬಂದು ನೆಲೆಸಿದವರು, ಆಳಿದವರು ಇಲ್ಲಿಯೂ ಬಹಳ ಮಂದಿ. ಅವರನ್ನು ಹುಡುಕೋಣ ಬನ್ನಿ.

ಮೊದಲು ಹುಂಚ. ಶಾಸನಗಳಲ್ಲಿ ಈ ಊರಿನ ಹೆಸರು ಪೊಂಬುರ್ಚ. ಹಳಗನ್ನಡದ ‘ಪ’ಕಾರ ಎಷ್ಟೋ ಪದಗಳಲ್ಲಿ ‘ಹ’ಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊನ್ ಹೊನ್ನಾಯಿತು. ಹಾಗೆಯೇ ಪೊಂಬುರ್ಚ ಹೊಂಬುಜವಾಯಿತು, ಹುಂಚವಾಯಿತು. ಇದು ಸಾಂತರ ಅರಸರ ರಾಜಧಾನಿ. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ಇಂದಿಗೂ ಅಲ್ಲಿದೆ. ಹೆಸರಿಗೆ ಕಲ್ಲಿನ ಸಾಕ್ಷಿ!

ಇನ್ನು ನಗರ. ಮೊದಲು ಇದು ಬಿದಿರಿನ ಊರು, ಬಿದನೂರು. ಕೆಳದಿಯ ಅರಸರು ಮೊದಲು ಕೆಳದಿಯಲ್ಲಿ, ಆಮೇಲೆ ಇಕ್ಕೇರಿಯಲ್ಲಿ, ಕೊನೆಗೆ ಬಿದನೂರಿನಲ್ಲಿ ಇದ್ದು ಆಳಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರ ಎಂದು ಕರೆದ. ಕಾಲ ಕಳೆದಂತೆ ಹೈದರ ಉದುರಿದ, ನಗರ ಉಳಿಯಿತು. ಅದಕ್ಕೆ ಹೋಲಿಸಿ ಕಲ್ಲೂರುಕಟ್ಟೆ ಎಂಬ ಊರು ಹೊಸನಗರವಾಯಿತು. ಹೆಸರು ಹೊಸದು, ಊರು ಹಳೆಯದು! ಹೆಸರೊಂದನ್ನೇ ನಂಬಿದರೆ ಮೋಸಹೋಗುತ್ತೇವೆ, ನೋಡಿದಿರಾ?

ಸಾಗರಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲ. ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರ ಎಂಬ ಕೆರೆಯಿಂದ ಆ ಹೆಸರು ಬಂತು. ಇಂದು ನಾವು ಗಣಪತಿ ಕೆರೆ ಎನ್ನುವುದು ಅದನ್ನೇ.

ಅರಸರಿಗಿಂತಲೂ ಹಿಂದೆ ಇಲ್ಲಿ ಯಾರಿದ್ದರು? ಅದಕ್ಕೂ ಒಂದು ಹೆಸರು ಉತ್ತರ ಹೇಳುತ್ತದೆ. ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್ ಎಂಬ ಹಳ್ಳಿ ಇದೆ. ಬಿಡಿಸಿ ಓದಿ: ನಿಲ್ಲಿಸಿದ ಕಲ್ಲು. ಅಲ್ಲಿಯೂ ಹತ್ತಿರದ ಬೈಸೆಯಲ್ಲಿಯೂ ಆಳೆತ್ತರದ ಕಲ್ಲುಗಳು ನೆಲದಲ್ಲಿ ನೆಟ್ಟಗೆ ನಿಂತಿವೆ. ಇವು ಬೃಹತ್ ಶಿಲಾಯುಗದವರ ಕೆಲಸ. ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮೊದಲಾದ ಸಂಶೋಧಕರು ಈ ಕಲ್ಲುಗಳ ದಿಕ್ಕನ್ನು ಅಳೆದು ನೋಡಿದರು. ಕೆಲವು ಜೋಡಿ ಕಲ್ಲುಗಳ ಸಾಲಿನಲ್ಲಿ ದೃಷ್ಟಿ ಹಾಯಿಸಿದರೆ, ವರ್ಷದ ಅತಿ ದೊಡ್ಡ ಹಗಲು ಮತ್ತು ಅತಿ ಚಿಕ್ಕ ಹಗಲಿನ ದಿನಗಳಲ್ಲಿ ಸೂರ್ಯ ಹುಟ್ಟುವ ಅಥವಾ ಮುಳುಗುವ ಜಾಗ ಕಾಣುತ್ತದೆ! ಜೂನ್ 21 ಮತ್ತು ಡಿಸೆಂಬರ್ 22ರ ಆಸುಪಾಸಿನ ದಿನಗಳು ಅವು. ಗೋಡೆಗೆ ಕ್ಯಾಲೆಂಡರ್ ತೂಗುಹಾಕದ ಕಾಲದಲ್ಲಿ ಬಯಲೇ ಪಂಚಾಂಗವಾಗಿತ್ತೇನೋ.

ಅವರು ಯಾವ ಭಾಷೆ ಆಡಿದರೋ, ತಮ್ಮ ಊರನ್ನು ಏನೆಂದು ಕರೆದರೋ! ಆದರೆ ಆಮೇಲೆ ಬಂದ ಕನ್ನಡದ ರೈತರು ಆ ಕಲ್ಲುಗಳನ್ನು ಕಂಡು, ಅವನ್ನೇ ಊರಿನ ಹೆಸರು ಮಾಡಿ ಕಾಪಾಡಿದರು.

ಮಕ್ಕಳೇ, ಎಲ್ಲ ಹೆಸರುಗಳಿಗೂ ಆ ಭಾಗ್ಯವಿಲ್ಲ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯನ್ನೇ ನೋಡಿ. ಮಕ್ಕಿ ಎಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ. 1964ರಲ್ಲಿ ಶರಾವತಿಗೆ ಅಲ್ಲಿ ಅಣೆಕಟ್ಟು ಎದ್ದಿತು. ನೀರಿಗಾಗಿ ಮುಗಿಲು ನೋಡುತ್ತಿದ್ದ ಗದ್ದೆಯ ಹೆಸರು ಈಗ ದೊಡ್ಡ ಜಲಾಶಯದ್ದು. ನಾಡಿಗೆ ಬೆಳಕು ಬಂತು. ಆದರೆ ಆ ನೀರಿನಡಿ ಎಷ್ಟೋ ಹಳ್ಳಿಗಳು ಮುಳುಗಿದವು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಮುಳುಗಿದ ಗದ್ದೆ, ಹಕ್ಕಲು, ಕಾಲುದಾರಿಗಳ ಹೆಸರು ಹಾಗೆ ಮೇಲೆ ಬರುವುದಿಲ್ಲ. ಅವು ಮುಳುಗಡೆಯಿಂದ ಎದ್ದು ಬಂದ ಅಜ್ಜ ಅಜ್ಜಿಯರ ನೆನಪಿನಲ್ಲಿ ಮಾತ್ರ ಇವೆ.

ಅದಕ್ಕೇ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ನಿಮ್ಮ ಮನೆಯ ಪ್ರತಿ ಗದ್ದೆಯ ಹೆಸರು, ಕೆರೆಯ ಹೆಸರು, ಬನದ ಹೆಸರು ಕೇಳಿ ಬರೆಯಿರಿ. ಆ ಹೆಸರು ಏಕೆ ಬಂತು ಎಂದೂ ಕೇಳಿ. ಕಾಡಿನಂಚಿನಲ್ಲಿ ಬರಹವಿರುವ ಕಲ್ಲು, ವೀರಗಲ್ಲು, ನೆಟ್ಟ ಕಲ್ಲು ಕಂಡರೆ ಅಲುಗಿಸಬೇಡಿ, ಸುಣ್ಣ ಬಳಿಯಬೇಡಿ. ಚಿತ್ರ ತೆಗೆದು ಮೇಷ್ಟರಿಗೆ ತೋರಿಸಿ. ಕೆಳದಿಯಲ್ಲಿ ವಸ್ತುಸಂಗ್ರಹಾಲಯವಿದೆ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿಯೂ ಇದೆ. ಮನೆಮಂದಿಯ ಜೊತೆ ಒಮ್ಮೆ ಹೋಗಿ ಬನ್ನಿ. ಕಲ್ಲು ತನ್ನ ಜಾಗದಲ್ಲಿ ಇದ್ದರಷ್ಟೇ ಅದು ಸಾಕ್ಷಿ. ಜಾಗ ತಪ್ಪಿದರೆ ಬರೀ ಕಲ್ಲು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಕೇಳುವ ತನಕ ಕಾಯಬೇಡಿ. ಇಂದು ಸಂಜೆಯೇ ಒಂದು ಗದ್ದೆಯ ಹೆಸರು ಹೇಳಿಬಿಡಿ.