ಎಂಟಿಆರ್ ಮಾರಾಟವಾಯಿತೇ? ಒಡೆತನದ ಸುತ್ತ ಕೆಲವು ತಪ್ಪು ಕಲ್ಪನೆಗಳು

ಕಂಪನಿಯೊಂದು ಬೆಳೆದರೆ ಅದು ಮಾಲೀಕರ ಕೈಗುಣ ಎಂದುಬಿಡುತ್ತೇವೆ ನಾವು. ಅದು ದುಡ್ಡು ದುಡಿಯುವ ಬಗೆ ಯಾವುದು, ಪಾಲು ಯಾರ್‍ಯಾರ ಬಳಿ ಇದೆ ಎಂದು ಕೇಳುವುದು ಕಡಿಮೆ.

ತಪ್ಪು ಕಲ್ಪನೆ: ಎಂಟಿಆರ್ ನಾರ್ವೆಯವರ ಪಾಲಾಗಿದೆ, ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಹೋಟೆಲೂ ಈಗ ಅವರದೇ.

ವಾಸ್ತವ: 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡದ್ದು ಎಂಟಿಆರ್ ಫುಡ್ಸನ್ನು, ಅಂದರೆ ಮಸಾಲೆ ಪುಡಿ, ಮಿಕ್ಸ್‌ಗಳ ಕಂಪನಿಯನ್ನು. ಹೋಟೆಲು ಮಯ್ಯ ಕುಟುಂಬದಲ್ಲೇ ಉಳಿಯಿತು. ಹೆಸರು ಒಂದೇ, ಒಡೆತನ ಎರಡು. ಪರದೇಶದವರ ಕಣ್ಣು ಪುಡಿಯ ಮೇಲೇ ಏಕೆ ಬಿತ್ತು? ಹೋಟೆಲಿನ ವ್ಯಾಪಾರ ದುಪ್ಪಟ್ಟಾಗಬೇಕಾದರೆ ಜಾಗ, ಮೇಜು, ಅಡುಗೆಯವರು ಎಲ್ಲವೂ ಹೆಚ್ಚಬೇಕು. ರವೆ ಇಡ್ಲಿ ಮಿಕ್ಸ್ ಒಂದೇ ಕಾರ್ಖಾನೆಯಿಂದ ಹೊರಟು ಊರೂರಿನ ಅಂಗಡಿ ಸೇರುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಆ ಹೆಸರಿಗೆ ನಂಬಿಕೆ ಗಳಿಸಿಕೊಟ್ಟದ್ದು ಮಾತ್ರ 1924ರಲ್ಲಿ ಶುರುವಾದ ಹೋಟೆಲೇ.

ತಪ್ಪು ಕಲ್ಪನೆ: ಷೇರಿನ ದರ ಹೆಚ್ಚಿದ್ದಷ್ಟೂ ಕಂಪನಿ ದೊಡ್ಡದು, ಬೋನಸ್ ಷೇರು ಬಂದರೆ ಆಸ್ತಿ ದುಪ್ಪಟ್ಟು.

ವಾಸ್ತವ: ದರವನ್ನು ಷೇರುಗಳ ಸಂಖ್ಯೆಯಿಂದ ಗುಣಿಸಬೇಕು, ಅಷ್ಟೆ. 2023ರಲ್ಲಿ ಟೈರ್ ಕಂಪನಿ ಎಂಆರ್‌ಎಫ್‌ನ ಒಂದು ಷೇರು ಲಕ್ಷ ರೂಪಾಯಿ ದಾಟಿತು. ಅದರ ಷೇರುಗಳು ಸುಮಾರು 42 ಲಕ್ಷ. ಇನ್ಫೊಸಿಸ್‌ನವು 400 ಕೋಟಿಗೂ ಹೆಚ್ಚು, ಹಾಗಾಗಿ ದರ ಕಡಿಮೆಯಿದ್ದರೂ ದೊಡ್ಡ ಕಂಪನಿ ಅದೇ. 2018ರ ಬೋನಸ್‌ನಲ್ಲಿ ಇನ್ಫೊಸಿಸ್‌ನ ಒಂದು ಷೇರು ಎರಡಾಯಿತು, ದರ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ತಪ್ಪು ಕಲ್ಪನೆ: ಪಾಲು ಬಿಟ್ಟುಕೊಟ್ಟ ಸ್ಥಾಪಕರು ಕಂಪನಿಯನ್ನೇ ಕಳೆದುಕೊಂಡಂತೆ.

ವಾಸ್ತವ: ಇನ್ಫೊಸಿಸ್‌ನಲ್ಲಿ ಸ್ಥಾಪಕ ಕುಟುಂಬಗಳ ಒಟ್ಟು ಪಾಲು ಶೇ. 15ರ ಆಸುಪಾಸು. ನೌಕರರಿಗೂ ಷೇರು ಕೊಡುವ ಯೋಜನೆಯನ್ನು ಅದು 1990ರ ದಶಕದಲ್ಲೇ ತಂದಿತ್ತು. ವಿಪ್ರೋದಲ್ಲಿ ಪ್ರವರ್ತಕರ ಪಾಲು ಶೇ. 70ಕ್ಕೂ ಹೆಚ್ಚು, ಆದರೆ ಅದರ ಆರ್ಥಿಕ ಫಲದ ಬಹುಭಾಗ ಸೇರುವುದು ಅಜೀಂ ಪ್ರೇಮ್‌ಜಿ ಅವರ ದತ್ತಿ ಸಂಸ್ಥೆಗೆ. ಎರಡೂ ಬೆಳೆದವು. ಹಾಗೆಂದು ಈ ಭಯ ಪೂರ್ತಿ ಸುಳ್ಳೂ ಅಲ್ಲ. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್‌ನ ಸುಮಾರು ಶೇ. 77 ಪಾಲು ಕೊಂಡಾಗ ಹಿಡಿತವೂ ಕೈಬದಲಾಯಿತು, ಸ್ಥಾಪಕರಲ್ಲೊಬ್ಬರು ಹೊರನಡೆದರು. ಎಷ್ಟು ಮಾರಿದರು ಎಂಬುದರ ಜೊತೆಗೆ ಯಾರಿಗೆ ಮಾರಿದರು ಎಂಬುದೂ ಮುಖ್ಯ: ಚದುರಿದ ಸಾವಿರಾರು ಕೈಗಳಿಗೋ, ಒಬ್ಬನೇ ದೊಡ್ಡ ಗಿರಾಕಿಗೋ?

ತಪ್ಪು ಕಲ್ಪನೆ: ಸಹಕಾರಿ ಸಂಸ್ಥೆಗಳು ಬೆಳೆಯುವುದಿಲ್ಲ, ಷೇರು ದರವೇ ಏರದ ಮೇಲೆ ಅವಕ್ಕೆ ಮೌಲ್ಯವೆಲ್ಲಿ?

ವಾಸ್ತವ: ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ, ಅದೇ ತೋಟಗಳ ಕೋಕೋ ಕೊಳ್ಳುವವರು ಹಿಂದೆ ಸರಿದಾಗ ತಾನೇ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಇಲ್ಲಿ ಸದಸ್ಯನಿಗೆ ಲಾಭ ಬರುವುದು ಷೇರಿನ ದರದಿಂದಲ್ಲ, ಬೆಳೆಗೆ ಸಿಗುವ ಧಾರಣೆಯಿಂದ. ಹಾಗಾಗಿ ಷೇರುಪೇಟೆಯ ಲೆಕ್ಕದಲ್ಲಿ ಈ ಮೌಲ್ಯ ಕಾಣದು. ಕೊರತೆಯೂ ಇದೆ: ಎಷ್ಟೇ ಷೇರಿದ್ದರೂ ಸದಸ್ಯನಿಗೆ ಒಂದೇ ಮತ, ಆದ್ದರಿಂದ ದೊಡ್ಡ ಬಂಡವಾಳಗಾರರು ಇತ್ತ ಸುಳಿಯರು. ವಿಸ್ತರಣೆಗೆ ಸಾಲವೋ ಉಳಿಸಿದ ಲಾಭವೋ ಬೇಕು. ಆ ಲಾಭ ಉಳಿಸಲು ಹೊರಟರೆ, ಈ ವರ್ಷವೇ ಧಾರಣೆ ಹೆಚ್ಚಿಸಿ ಎಂದು ಮಹಾಸಭೆಯಲ್ಲಿ ಎದ್ದು ನಿಲ್ಲುವವರೂ ಅದೇ ಸದಸ್ಯರು.