ಹೊಲದಲ್ಲಿ ಬಿದ್ದ ವಿಮಾನ, ತಡವಾಗಿ ಬಂದ ಸತ್ಯ



ಯುದ್ಧ ಮುಗಿದ ಮೇಲೆ ಪ್ರತಿಯೊಂದು ದೇಶವೂ ಒಂದು ಲೆಕ್ಕ ಕೊಡುತ್ತದೆ. ನಮ್ಮ ಇಷ್ಟು ವಿಮಾನಗಳು ಹೋದವು, ಎದುರಾಳಿಯ ಇಷ್ಟು ವಿಮಾನಗಳನ್ನು ಕೆಡವಿದೆವು ಎಂಬುದೇ ಆ ಲೆಕ್ಕ. 1965ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ನಡೆದ ಯುದ್ಧವನ್ನೇ ನೋಡಿ. ತಾನು ಕಳೆದುಕೊಂಡದ್ದು 19 ವಿಮಾನ, ಭಾರತದ್ದು 104 ನಾಶವಾದವು ಎಂದು ಪಾಕಿಸ್ತಾನ ಹೇಳಿತು. ತನ್ನ ನಷ್ಟ 59, ಪಾಕಿಸ್ತಾನದ್ದು 73 ಎಂದು ಭಾರತ ಹೇಳಿತು. ಈ ಎರಡು ಲೆಕ್ಕಗಳು ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲವೆಂಬುದನ್ನು ತಿಳಿಯಲು ಹೆಚ್ಚಿನ ಗಣಿತ ಬೇಕಿಲ್ಲ.

ಹಾಗಾದರೆ ಯಾರೋ ಒಬ್ಬರು ಸುಳ್ಳು ಹೇಳಿದರು ಎಂದು ಮುಗಿಸಿಬಿಡಬಹುದೇ? ಸಂಗತಿ ಅಷ್ಟು ಸರಳವಲ್ಲ. ಯುದ್ಧಕಾಲದಲ್ಲಿ ಜನರ ಧೈರ್ಯ ಕುಂದದಂತೆ ನೋಡಿಕೊಳ್ಳಲು ಸರಕಾರಗಳು ತಮ್ಮ ನಷ್ಟವನ್ನು ಕಿರಿದಾಗಿಸಿ ಹೇಳುವುದುಂಟು, ನಿಜ. ಆದರೆ ಪ್ರಾಮಾಣಿಕನಾದ ವೈಮಾನಿಕನೂ ತಪ್ಪು ಲೆಕ್ಕ ಕೊಡುವುದಕ್ಕೆ ಬೇರೆ ಕಾರಣಗಳಿವೆ.

ಲೆಕ್ಕ ತಪ್ಪುವುದು ಏಕೆ?

ಆಕಾಶದ ಕಾಳಗ ಕೆಲವೇ ಕ್ಷಣಗಳದ್ದು. ಗುಂಡು ಹಾರಿಸಿದ ವೈಮಾನಿಕ ಎದುರಿನ ವಿಮಾನ ನೆಲಕ್ಕೆ ಬೀಳುವವರೆಗೆ ನೋಡುತ್ತ ನಿಲ್ಲುವಂತಿಲ್ಲ. ಅವನ ಬೆನ್ನ ಹಿಂದೆ ಇನ್ನೊಬ್ಬನಿರಬಹುದು. ಒಂದೇ ವಿಮಾನಕ್ಕೆ ಇಬ್ಬರು ಗುಂಡು ಹಾರಿಸಿ, ಇಬ್ಬರೂ ತಾವೇ ಕೆಡವಿದೆವೆಂದು ನಂಬುವುದುಂಟು. ಎಂಜಿನ್ನಿನ ಶಕ್ತಿಯನ್ನು ಒಮ್ಮೆಲೇ ಏರಿಸಿದಾಗ ಹೊರಬರುವ ಕಪ್ಪು ಹೊಗೆಯನ್ನು ಬೆಂಕಿ ಹೊತ್ತಿತೆಂದು ತಿಳಿದವರೂ ಇದ್ದಾರೆ.

ಇಂತಹ ಗೊಂದಲ ತಪ್ಪಿಸಲೆಂದೇ ಯುದ್ಧವಿಮಾನದ ಬಂದೂಕಿಗೆ ಜೋಡಿಸಿದ ಕ್ಯಾಮೆರಾ ಇರುತ್ತದೆ. ಗುಂಡು ಹಾರಿದಾಗಲೆಲ್ಲ ಅದು ಚಿತ್ರ ತೆಗೆಯುತ್ತದೆ. ಆದರೆ ವಿಮಾನವೇ ಹಿಂದಿರುಗದಿದ್ದರೆ ಫಿಲ್ಮೂ ಹಿಂದಿರುಗುವುದಿಲ್ಲ. ವಿಮಾನ ಶತ್ರುವಿನ ನೆಲದಲ್ಲಿ ಬಿದ್ದಾಗ ಅದರ ಅವಶೇಷವೂ ಅಲ್ಲಿಯೇ ಉಳಿಯುತ್ತದೆ. ಅಂತಹ ವೈಮಾನಿಕನ ಹೆಸರಿನ ಮುಂದೆ ದಫ್ತರದಲ್ಲಿ ಒಂದೇ ಪದ ಬರೆಯಲಾಗುತ್ತದೆ: ನಾಪತ್ತೆ.

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಗೆ ಹರಡಿರುವ ಎರೆ ಮತ್ತು ಮಸಾರಿ ಹೊಲಗಳನ್ನು ಒಮ್ಮೆ ನೆನೆದುಕೊಳ್ಳಿ. ಇಂತಹ ಬಯಲಿನಲ್ಲಿ ಒಂದು ಯುದ್ಧವಿಮಾನ ಬಿದ್ದರೆ ಮೊದಲು ಓಡಿಬರುವವರು ಯಾರು? ಸೈನ್ಯವಲ್ಲ, ಪತ್ರಕರ್ತರೂ ಅಲ್ಲ. ಎಡೆ ಹೊಡೆಯುತ್ತಿದ್ದ ರೈತ, ಕುರಿ ಕಾಯುತ್ತಿದ್ದ ಹುಡುಗ, ಬುತ್ತಿ ಹೊತ್ತು ಹೊರಟಿದ್ದ ಹೆಣ್ಣುಮಗಳು. ಯುದ್ಧದ ಎಷ್ಟೋ ಸತ್ಯಗಳಿಗೆ ಇಂಥವರೇ ಮೊದಲ ಸಾಕ್ಷಿಗಳು. ಕನ್ನಡ ನಾಡಿನ ಒಬ್ಬ ವೈಮಾನಿಕನ ಕಥೆ ಇದನ್ನು ಚೆನ್ನಾಗಿ ತಿಳಿಸುತ್ತದೆ.

ಹಿಂದಿರುಗದ ಒಬ್ಬರು

ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು. 1932ರಲ್ಲಿ ಜನಿಸಿ, 1954ರಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿಯಾದರು. ಹೊಸ ವೈಮಾನಿಕರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿಯೂ ಕೆಲಸ ಮಾಡಿದರು. 1965ರಲ್ಲಿ ಅವರು ಸ್ಕ್ವಾಡ್ರನ್ ಲೀಡರ್ ದರ್ಜೆಯಲ್ಲಿದ್ದು, ಪಂಜಾಬಿನ ಆದಂಪುರ ವಾಯುನೆಲೆಯಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಸೇರಿದರು. ಈ ದಳದ ಬಳಿ ಇದ್ದದ್ದು ಫ್ರಾನ್ಸಿನಿಂದ ಕೊಂಡ ಮಿಸ್ಟೇರ್ ವಿಮಾನಗಳು.

1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಮುಖ್ಯ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿ ಮಾಡುವಂತೆ ಆಜ್ಞೆ ಬಂದಿತು. ವಿಂಗ್ ಕಮಾಂಡರ್ ಒ. ಪಿ. ತನೇಜಾ ಅವರ ಮುಂದಾಳತ್ವದಲ್ಲಿ 12 ವಿಮಾನಗಳು ಹೋಗಬೇಕಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಒಬ್ಬರಲ್ಲ, ಮೀಸಲಿನಲ್ಲಿದ್ದವರು. ಹೊರಟವರಲ್ಲಿ ಒಂದು ವಿಮಾನ ಹಿಂದುಳಿದಾಗ ಅದರ ಜಾಗವನ್ನು ಅವರು ತುಂಬಿದರು.

ದಾಳಿ ಮುಗಿಸಿ ಮಿಸ್ಟೇರ್‌ಗಳು ನೆಲಕ್ಕೆ ಹತ್ತಿರವಾಗಿ ಹಾರುತ್ತ ಹಿಂದಿರುಗುತ್ತಿದ್ದವು. ಇಂಧನ ಕಡಿಮೆಯಿತ್ತು. ಆಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತಮ್ಮ ಸ್ಟಾರ್‌ಫೈಟರ್ ವಿಮಾನದಲ್ಲಿ ಬೆನ್ನಟ್ಟಿ ಬಂದರು. ಅವರು ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಬಳಿಕ ಹಾರಿಸಿದ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಪೆಟ್ಟು ತಿಂದ ವಿಮಾನದಲ್ಲಿಯೇ ದೇವಯ್ಯ ಎದುರು ತಿರುಗಿ ಕಾಳಗಕ್ಕೆ ನಿಂತರು. ಅವರ ಗುಂಡಿಗೆ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹುಸೇನ್ ಹೊರಜಿಗಿದು ಪ್ಯಾರಾಚೂಟ್ ನೆರವಿನಿಂದ ಬದುಕಿಕೊಂಡರು. ದೇವಯ್ಯನವರ ಮಿಸ್ಟೇರ್ ಮಾತ್ರ ಆದಂಪುರವನ್ನು ತಲುಪಲಿಲ್ಲ.

ನಿಧಾನದ ವಿಮಾನ ಗೆದ್ದುದು ಹೇಗೆ?

ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್‌ನ ಗರಿಷ್ಠ ವೇಗ ಗಂಟೆಗೆ ಸುಮಾರು 1,100 ಕಿಲೋಮೀಟರ್. ಓಟದಲ್ಲಿ ಇವೆರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಕಾಳಗವೆಂದರೆ ಬರೀ ಓಟವಲ್ಲ.

ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ವೃತ್ತಾಕಾರದ ಚಲನೆಯ ಪಾಠವಿದೆ. ಕೇಂದ್ರದ ಕಡೆಗಿನ ವೇಗೋತ್ಕರ್ಷ ಅಷ್ಟೇ ಇದ್ದು, ವೇಗ ಎರಡು ಪಟ್ಟಾದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟಾಗುತ್ತದೆ. ಸೈಕಲ್ ಸವಾರ ಓಣಿಯಲ್ಲಿ ಸರಕ್ಕನೆ ತಿರುಗಬಲ್ಲ. ವೇಗದಲ್ಲಿ ಬರುವ ಬಸ್ಸಿಗೆ ಇಡೀ ಚೌಕ ಬೇಕು. ಇದರ ಜೊತೆಗೆ ಸ್ಟಾರ್‌ಫೈಟರ್‌ನ ರೆಕ್ಕೆಗಳು ಚಿಕ್ಕವು, ತೆಳುವಾದವು. ನೇರ ಓಟಕ್ಕೆ ಅವು ಅನುಕೂಲ. ಬಿಗಿಯಾದ ತಿರುವಿಗೆ ಅಲ್ಲ. ದೇವಯ್ಯ ನೇರವಾಗಿ ಓಡಿದ್ದರೆ ಅವರಿಗಿಂತ ವೇಗದ ವಿಮಾನಕ್ಕೆ ಸುಲಭದ ಗುರಿಯಾಗುತ್ತಿದ್ದರು. ಕಾಳಗ ತಿರುವುಗಳದ್ದಾದಾಗ ಅವರ ವಿಮಾನದ ನಿಧಾನವೇ ಅವರಿಗೆ ನೆರವಾಯಿತು.

ಆದರೆ ಈ ಆಯ್ಕೆಗೆ ಒಂದು ಬೆಲೆಯಿತ್ತು. ಕೆಳಮಟ್ಟದಲ್ಲಿ ಹಾರುವ ಜೆಟ್ ವಿಮಾನ ಹೆಚ್ಚು ಇಂಧನ ಕುಡಿಯುತ್ತದೆ, ಕಾಳಗದಲ್ಲಿ ಇನ್ನೂ ಹೆಚ್ಚು. ಮನೆಗೆ ತಲುಪಲು ಉಳಿಸಿಕೊಂಡಿದ್ದ ಇಂಧನವನ್ನು ಹೋರಾಟಕ್ಕೆ ಸುರಿಯಬೇಕಾಗುತ್ತದೆ.

ಇಪ್ಪತ್ತಮೂರು ವರ್ಷಗಳ ಮೌನ

ಈ ಕಾಳಗವನ್ನು ದೇವಯ್ಯನವರ ಸಂಗಡಿಗರು ಯಾರೂ ನೋಡಲಿಲ್ಲ. ಹಾಗಾಗಿ ಭಾರತದ ದಫ್ತರಗಳಲ್ಲಿ ಅವರು ನಾಪತ್ತೆಯಾದವರಾಗಿಯೇ ಉಳಿದರು. ಸಿಡಿದ ಮಿಸ್ಟೇರ್‌ನ ಚೂರುಗಳ ನಡುವೆ ಹಾದುಹೋದದ್ದರಿಂದ ಸ್ಟಾರ್‌ಫೈಟರ್ ಬಿದ್ದಿತು ಎಂಬುದು ಪಾಕಿಸ್ತಾನದ ಕಡೆಯಿಂದ ಮೊದಲು ಬಂದ ವಿವರಣೆ. ಅಂದರೆ ಒಂದು ಕಡೆಯವರಿಗೆ ತಮ್ಮವನು ಗೆದ್ದದ್ದೇ ಗೊತ್ತಿರಲಿಲ್ಲ. ಇನ್ನೊಂದು ಕಡೆಯವರು ಅದನ್ನು ಗೆಲುವೆಂದು ಒಪ್ಪಿರಲಿಲ್ಲ.

ಸತ್ಯ ಹೊರಬಂದದ್ದು 1979ರಲ್ಲಿ. ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು 1965ರ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕ ಆ ವರ್ಷ ಪ್ರಕಟವಾಯಿತು. ಮಿಸ್ಟೇರ್ ಒಂದು ಎದುರು ತಿರುಗಿ ಸ್ಟಾರ್‌ಫೈಟರ್ ಅನ್ನು ಕೆಡವಿದ ವಿವರ ಅದರಲ್ಲಿತ್ತು. ಆ ಮುಂಜಾನೆಯ ದಾಳಿಯಿಂದ ಹಿಂದಿರುಗದ ಮಿಸ್ಟೇರ್ ಯಾರದು? ದೇವಯ್ಯನವರದು. ಎರಡೂ ಕಡೆಯ ತುಣುಕುಗಳು ಹೀಗೆ ಒಂದಕ್ಕೊಂದು ಕೂಡಿದವು. ಅವರ ದಳನಾಯಕರಾಗಿದ್ದ ತನೇಜಾ ಈ ವಿಷಯವನ್ನು ವಾಯುಪಡೆಯ ಗಮನಕ್ಕೆ ತಂದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧ ನಡೆದು 23 ವರ್ಷಗಳು ಕಳೆದಿದ್ದವು. ಪದಕವನ್ನು ಸ್ವೀಕರಿಸಿದವರು ಅವರ ಪತ್ನಿ.

ದೇವಯ್ಯನವರ ದೇಹವನ್ನು ಹೊಲದಲ್ಲಿ ಕಂಡ ಹಳ್ಳಿಗರು ಅಲ್ಲಿಯೇ ಮಣ್ಣು ಮಾಡಿದರೆಂದು ಪಾಕಿಸ್ತಾನದ ಕಡೆಯ ಬರಹಗಳು ತಿಳಿಸುತ್ತವೆ. ಕಾಲುವೆ ನೀರಿನ ಆ ಪಂಜಾಬಿ ಬಯಲಿನ ರೈತರಿಗೆ ಅವರ ಹೆಸರು ಗೊತ್ತಿರಲಿಲ್ಲ, ಕೊಡಗು ಎಲ್ಲಿದೆಯೆಂಬುದೂ ಗೊತ್ತಿರಲಿಲ್ಲ. ಆದರೂ ಸತ್ತವನಿಗೆ ಸಲ್ಲಬೇಕಾದ ಕೊನೆಯ ಕರ್ತವ್ಯವನ್ನು ಅವರೇ ಮಾಡಿದರು.

ಅದೇ ಯುದ್ಧದ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1965ರ ಸೆಪ್ಟೆಂಬರ್ 22ರಂದು, ಕದನ ವಿರಾಮಕ್ಕೆ ಕೆಲವೇ ಗಂಟೆಗಳಿರುವಾಗ, ಕೊಡಗಿನವರೇ ಆದ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನವನ್ನು ನೆಲದಿಂದ ಹಾರಿಸಿದ ಗುಂಡುಗಳು ಕೆಡವಿದವು. ಅವರು ಹೊರಜಿಗಿದು ಸೆರೆಯಾದರು. ಅವರು ಜನರಲ್ ಕೆ. ಎಂ. ಕಾರ್ಯಪ್ಪನವರ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಸೇವೆ ಮಾಡಿದ್ದವರು. ಹೀಗಾಗಿ ಮಗ ಬದುಕಿರುವ ಸುದ್ದಿ ತಂದೆಗೆ ಬೇಗನೆ ಮುಟ್ಟಿತು. ಮಗನಿಗೆ ವಿಶೇಷ ರಿಯಾಯಿತಿ ಬೇಡ, ಎಲ್ಲ ಯುದ್ಧ ಕೈದಿಗಳನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬುದು ತಂದೆಯ ಉತ್ತರವಾಗಿತ್ತು. 1966ರ ಜನವರಿಯಲ್ಲಿ ಮಗ ಬಿಡುಗಡೆಯಾಗಿ ಬಂದರು. ನಷ್ಟದ ಪಟ್ಟಿಯಲ್ಲಿ ಎರಡು ವಿಮಾನಗಳೂ ಒಂದೊಂದು ಅಂಕಿ. ಆದರೆ ಒಂದು ಮನೆಗೆ ಸುದ್ದಿ ಬೇಗ ತಲುಪಿತು, ಇನ್ನೊಂದು ಮನೆ ವರ್ಷಗಟ್ಟಲೆ ಕಾಯಬೇಕಾಯಿತು.

ವೀರಗಲ್ಲು ಹೇಳುವ ಮಾತು

ಬೆಟಗೇರಿಯೂ ಸೇರಿದಂತೆ ಗದಗ ಸೀಮೆಯ ಹಲವು ಊರುಗಳಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ. ಎಷ್ಟೋ ಕಲ್ಲುಗಳ ಮೇಲೆ ಮಡಿದವನ ಹೆಸರು, ಅವನು ಯಾವ ಕಾಳಗದಲ್ಲಿ ಮಡಿದನೆಂಬ ವಿವರ ಕೆತ್ತಿರುತ್ತದೆ. ಊರಿನ ತುರು ಕಾಯಲು ಹೋದವನೊಬ್ಬ ಸತ್ತರೂ ಊರು ಅವನನ್ನು ಬರೀ ಸಂಖ್ಯೆಯಾಗಿಸಲಿಲ್ಲ. ಅವನ ಕೊನೆಯನ್ನು ಕಂಡವರಿದ್ದರು, ಕಂಡದ್ದನ್ನು ಕಲ್ಲಿಗೆ ಹೇಳಿದರು.

ಇಂದಿನ ಯುದ್ಧದಲ್ಲಿ ವೀರನ ಕೊನೆಯನ್ನು ಕಾಣುವವನು ಎಷ್ಟೋ ಸಲ ಎದುರಾಳಿ ಒಬ್ಬನೇ. ಆದ್ದರಿಂದ ನಮ್ಮವರ ಕಥೆ ಪೂರ್ತಿಯಾಗಬೇಕಾದರೆ ಎದುರು ಪಕ್ಷದ ಬರಹವನ್ನೂ ಓದಬೇಕು, ಹೊಲದಲ್ಲಿ ನಿಂತು ನೋಡಿದವರ ಮಾತನ್ನೂ ಕೇಳಬೇಕು. ಶತ್ರುದೇಶದ ಪುಸ್ತಕವೆಂದು ಅದನ್ನು ಬದಿಗಿಟ್ಟಿದ್ದರೆ ದೇವಯ್ಯನವರಿಗೆ ಮಹಾವೀರ ಚಕ್ರ ಬರುತ್ತಿರಲಿಲ್ಲ. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರಲ್ಲಿ ಬಿಡುಗಡೆಯಾದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರಕ್ಕೂ ಈ ಘಟನೆಯೇ ಪ್ರೇರಣೆ. ಆದರೆ ಚಿತ್ರದಲ್ಲಿ ಪಾತ್ರಗಳ ಹೆಸರು ಬೇರೆ. ಚಲನಚಿತ್ರವನ್ನು ದಾಖಲೆಯೆಂದು ಓದಬಾರದು.

ನಿಮ್ಮ ಊರಿನಲ್ಲಿಯೂ ಸೇನೆಯಿಂದ ನಿವೃತ್ತರಾದ ಹಿರಿಯರು ಇರಬಹುದು. ಅವರ ಬಳಿ ಕುಳಿತು ಕೇಳಿ, ಬರೆದುಕೊಳ್ಳಿ. ಹೇಳಿದವರ ಹೆಸರು, ಊರು, ಘಟನೆ ನಡೆದ ದಿನ, ಅವರು ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು, ಇವನ್ನು ಬೇರೆ ಬೇರೆಯಾಗಿ ಗುರುತು ಮಾಡಿ. ಮುಂದೆ ಯಾವುದೋ ದಫ್ತರದ ‘ನಾಪತ್ತೆ’ ಎಂಬ ಪದವನ್ನು ಅಳಿಸಲು ನಿಮ್ಮ ಟಿಪ್ಪಣಿ ಪುಸ್ತಕವೇ ಬೇಕಾಗಬಹುದು.

ತರಗತಿಯಲ್ಲಿ ಚರ್ಚಿಸಲು:

1. ಒಂದೇ ಯುದ್ಧಕ್ಕೆ ಎರಡು ದೇಶಗಳು ಬೇರೆ ಬೇರೆ ಲೆಕ್ಕ ಕೊಟ್ಟಾಗ ಸತ್ಯವನ್ನು ಹುಡುಕಲು ಯಾವ ಯಾವ ಸಾಕ್ಷ್ಯಗಳನ್ನು ನೋಡಬೇಕು?

2. ಗಂಟೆಗೆ 600 ಕಿಲೋಮೀಟರ್ ವೇಗದ ವಿಮಾನವೊಂದು 1 ಕಿಲೋಮೀಟರ್ ತ್ರಿಜ್ಯದಲ್ಲಿ ತಿರುಗಿದರೆ, ಕೇಂದ್ರದ ಕಡೆಗಿನ ವೇಗೋತ್ಕರ್ಷ ಅಷ್ಟೇ ಇದ್ದು 900 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನಕ್ಕೆ ಎಷ್ಟು ತ್ರಿಜ್ಯ ಬೇಕು?

3. ನಿಮ್ಮ ಊರಿನ ಸಮೀಪದ ವೀರಗಲ್ಲಿನಲ್ಲಿ ಏನೇನು ದಾಖಲಾಗಿದೆ?