ಅರಿಸಿನದ ಪೊಟ್ಟಣಕ್ಕೆ ಹದಿಮೂರು ಅಂಕಿಗಳು

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆ ಅರಿಸಿನದ ಬೆಳೆಗೆ ಹೆಸರಾದುದು. ಬೇಯಿಸಿ, ಒಣಗಿಸಿ, ಮೆರುಗು ಕೊಟ್ಟ ಕೊಂಬುಗಳು ಮೂಟೆ ಮೂಟೆಯಾಗಿ ಮಾರುಕಟ್ಟೆಗೆ ಹೋಗುತ್ತವೆ. ಗಡಿ ದಾಟಿ ಈರೋಡಿನವರೆಗೂ ಸಾಗುತ್ತವೆ. ಹಾಗೆ ಸಾಗುವ ಮೂಟೆಗೆ ತೂಕವುಂಟು, ಧಾರಣೆಯುಂಟು. ಬೆಳೆದವರ ಹೆಸರು ಮಾತ್ರ ಇಲ್ಲ. ಅದೇ ಅರಿಸಿನ ಎಲ್ಲಿಯೋ ಪುಡಿಯಾಗಿ, ಬೇರೆಯವರ ಮುದ್ರೆಯ ಪೊಟ್ಟಣದಲ್ಲಿ ಸೇರಿ ತವರಿನ ಅಂಗಡಿಗೇ ಹಿಂದಿರುಗಿದರೂ ಬೆಳೆದವರು ಅದನ್ನು ಗುರುತಿಸಲಾರರು.

ಊರಿನ ಮಹಿಳಾ ಸಂಘವೊಂದು ಈ ಅರಿಸಿನವನ್ನು ತಾನೇ ಪುಡಿ ಮಾಡಿಸಿ, ತನ್ನ ಹೆಸರಿನಲ್ಲಿಯೇ ಮಾರಬೇಕೆಂದು ಹೊರಟಿತೆನ್ನಿ. ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದವರ ವಿಳಾಸ, ಆಹಾರ ಪರವಾನಗಿಯ ಸಂಖ್ಯೆ ಇವನ್ನೆಲ್ಲ ಕಾನೂನು ಕೇಳುತ್ತದೆ. ಇಷ್ಟನ್ನೂ ಅಚ್ಚು ಹಾಕಿಸಿ ನಗರದ ದೊಡ್ಡ ಮಳಿಗೆಯ ಮೆಟ್ಟಿಲೇರಿದರೆ, ಅಲ್ಲಿ ಕಾನೂನು ಕೇಳದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: “ಬಾರ್‌ಕೋಡ್ ಎಲ್ಲಿ?” ಲೆಕ್ಕದ ಯಂತ್ರ ಓದಲಾರದ ಪೊಟ್ಟಣಕ್ಕೆ ಆ ಮಳಿಗೆಯಲ್ಲಿ ಜಾಗವಿಲ್ಲ.

ಈ ಕರಿಯ ಗೆರೆಗಳ ಕಥೆ ಸ್ವಾರಸ್ಯವಾದುದು. ೧೯೪೮ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬರ್ನಾರ್ಡ್ ಸಿಲ್ವರ್ ಎಂಬ ತರುಣನ ಕಿವಿಗೆ ಆಹಾರದ ಅಂಗಡಿಗಳ ಅಧಿಕಾರಿಯೊಬ್ಬನ ಬೇಡಿಕೆ ಬಿದ್ದಿತು: ಸರಕಿನ ವಿವರವನ್ನು ತಾನಾಗಿ ಓದುವ ಸಾಧನವೊಂದು ಬೇಕು. ಅವನ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲೆಂಡ್ ಕಡಲ ತೀರದಲ್ಲಿ ಕುಳಿತು ತಂತಿ ವರ್ತಮಾನದ ಚುಕ್ಕೆ ಗೀಟುಗಳನ್ನು ನೆನೆಯುತ್ತ ಮರಳಿನ ಮೇಲೆ ಬೆರಳೆಳೆದನು. ಚುಕ್ಕೆ ಗೀಟುಗಳು ಕೆಳಕ್ಕೆ ಇಳಿದು ತೆಳುವಾದ, ದಪ್ಪವಾದ ಗೆರೆಗಳಾದುವು. ೧೯೫೨ರಲ್ಲಿ ಇಬ್ಬರಿಗೂ ಹಕ್ಕುಪತ್ರ ದೊರೆಯಿತು. ಆದರೆ ಅದನ್ನು ಓದಬಲ್ಲ ಅಗ್ಗದ ಬೆಳಕೂ ಗಣಕಯಂತ್ರವೂ ಬರುವವರೆಗೆ ಕಾಯಬೇಕಾಯಿತು. ಐ.ಬಿ.ಎಂ. ಸಂಸ್ಥೆಯ ಜಾರ್ಜ್ ಲಾರರ್ ರೂಪಿಸಿದ ಗೆರೆಗಳು ೧೯೭೩ರಲ್ಲಿ ಒಪ್ಪಿಗೆ ಪಡೆದುವು. ೧೯೭೪ರ ಜೂನ್ ೨೬ರಂದು ಓಹಿಯೋ ರಾಜ್ಯದ ಟ್ರಾಯ್ ಊರಿನ ಮಳಿಗೆಯಲ್ಲಿ ೬೭ ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣವು ಮೊದಲ ಬಾರಿಗೆ ಯಂತ್ರದ ಕಣ್ಣಿಗೆ ಬಿದ್ದಿತು.

ಭಾರತದಲ್ಲಿ ಈ ಸಂಖ್ಯೆಗಳನ್ನು ಕೊಡುವುದು ೧೯೯೬ರಲ್ಲಿ ಸ್ಥಾಪನೆಯಾದ, ಈಗ ಜಿಎಸ್‌೧ ಇಂಡಿಯಾ ಎಂದು ಕರೆಯಲಾಗುವ ಸಂಸ್ಥೆ. ಅದು ಕೊಡುವ ಸಂಖ್ಯೆ ೮೯೦ರಿಂದ ಮೊದಲಾಗುತ್ತದೆ. ಸರಕು ಭಾರತದಲ್ಲಿಯೇ ತಯಾರಾಯಿತೆಂದು ಇದರ ಅರ್ಥವಲ್ಲ; ಸಂಖ್ಯೆ ಇಲ್ಲಿಂದ ಪಡೆದುದೆಂದಷ್ಟೇ ಅರ್ಥ. ಗೆರೆಗಳಲ್ಲಿ ಬೆಲೆ ಅಡಗಿದೆಯೆಂಬುದೂ ತಪ್ಪು ತಿಳಿವಳಿಕೆ. ಗೆರೆ ಹೇಳುವುದು ಸಂಖ್ಯೆಯನ್ನು. ಬೆಲೆ ಇರುವುದು ಅಂಗಡಿಯ ಗಣಕಯಂತ್ರದಲ್ಲಿ. ನೂರು ಗ್ರಾಮಿನ ಪೊಟ್ಟಣಕ್ಕೆ ಒಂದು ಸಂಖ್ಯೆ, ಇನ್ನೂರು ಗ್ರಾಮಿನದಕ್ಕೆ ಬೇರೊಂದು.

ಹದಿಮೂರನೆಯ ಅಂಕಿ ಕಾವಲುಗಾರನಿದ್ದಂತೆ. ಮೊದಲ ಹನ್ನೆರಡು ಅಂಕಿಗಳು ೮೯೦೧೨೩೪೫೬೭೮೯ ಎಂದಿರಲಿ. ಬೆಸ ಸ್ಥಾನಗಳ ಅಂಕಿಗಳ ಮೊತ್ತ ೨೮. ಸಮ ಸ್ಥಾನಗಳ ಮೊತ್ತ ೩೪, ಅದರ ಮೂರರಷ್ಟು ೧೦೨. ಕೂಡಿದರೆ ೧೩೦. ಮುಂದಿನ ಹತ್ತರ ಗುಣಕವನ್ನು ಮುಟ್ಟಲು ಬೇಕಾದ ಅಂಕಿಯೇ ಕೊನೆಯದು. ಇಲ್ಲಿ ಅದು ಸೊನ್ನೆ. ಯಾವುದಾದರೂ ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡದು, ಯಂತ್ರ ಒಪ್ಪದು.

ಎರಡರಿಂದ ಮೊದಲಾಗುವ ಕೆಲವು ಸಂಖ್ಯೆಗಳನ್ನು ಅಂಗಡಿಯ ಒಳಬಳಕೆಗೆಂದೇ ಬಿಟ್ಟಿದ್ದಾರೆ. ಚಾಮರಾಜನಗರದ ವರ್ತಕನು ತಾನೇ ಕಟ್ಟಿದ ಬೇಳೆಯ ಪೊಟ್ಟಣಕ್ಕೆ ಅಂಥ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಆದರೆ ಗುಂಡ್ಲುಪೇಟೆಯ ಅಂಗಡಿಯಲ್ಲಿ ಅದೇ ಸಂಖ್ಯೆ ಸಾಬೂನಿನದಾಗಿರಬಹುದು! ಊರೂರಿಗೆ ಹೋಗಬೇಕಾದ ಅರಿಸಿನಕ್ಕೆ ಇದು ಸಾಲದು. ಇನ್ನೊಬ್ಬರ ಪೊಟ್ಟಣದಿಂದ ಸಂಖ್ಯೆಯನ್ನು ನಕಲು ಮಾಡಿದರಂತೂ ಯಂತ್ರವು ಆ ಇನ್ನೊಬ್ಬರ ಹೆಸರನ್ನೇ ಕೂಗುತ್ತದೆ.

ಇನ್ನು ಅಚ್ಚಿನ ಮಾತು. ಚೀಟಿ ಮುದ್ರಿಸುವ ಸಣ್ಣ ಯಂತ್ರ ಮೇಜಿನ ಮೂಲೆಯಲ್ಲಿ ಅಡಗುವಷ್ಟಿರುತ್ತದೆ. ಸಾಮಾನ್ಯವಾದ ಯಂತ್ರವು ಮಿಲಿಮೀಟರಿಗೆ ಎಂಟು ಚುಕ್ಕೆ ಇಡಬಲ್ಲದು. ಎಂದರೆ ಒಂದು ಚುಕ್ಕೆ ೦.೧೨೫ ಮಿಲಿಮೀಟರ್. ಮಾರಾಟದ ಮೇಜಿನಲ್ಲಿ ಓದಲು ಅತಿ ತೆಳುವಾದ ಗೆರೆಯೂ ೦.೨೬೪ ಮಿಲಿಮೀಟರಿಗೆ ಕಡಮೆಯಿರಬಾರದು. ಎರಡು ಚುಕ್ಕೆ ಸಾಲದು, ಮೂರು ಬೇಕು. ಆಗ ಇಕ್ಕೆಲದ ಖಾಲಿ ಜಾಗವೂ ಸೇರಿ ಗುರುತಿನ ಅಗಲ ಸುಮಾರು ೪೨ ಮಿಲಿಮೀಟರ್ ಆಗುತ್ತದೆ. ಚೀಟಿ ಚಿಕ್ಕದೆಂದು ಚಿತ್ರವನ್ನು ಮನಬಂದಂತೆ ಕುಗ್ಗಿಸಿದರೆ ಗೆರೆಗಳ ಪ್ರಮಾಣ ಕೆಡುತ್ತದೆ. ಇಕ್ಕೆಲದ ಖಾಲಿ ಜಾಗ ಪೋಲೆಂದು ಅಲ್ಲಿ ಬಳ್ಳಿ ಬರೆಸಿದರೆ ಗುರುತು ಎಲ್ಲಿ ಮೊದಲಾಗುತ್ತದೆಂಬುದೇ ಯಂತ್ರಕ್ಕೆ ತಿಳಿಯದು.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅರಿಸಿನದ ಹಳದಿಯ ಮೇಲೆ ಕುಂಕುಮದ ಕೆಂಪು ಮನುಷ್ಯನ ಕಣ್ಣಿಗೆ ಮಂಗಳಕರ. ಆದರೆ ಓದುವ ಯಂತ್ರಗಳ ಬೆಳಕು ಸಾಮಾನ್ಯವಾಗಿ ಕೆಂಪು. ಅದಕ್ಕೆ ಹಳದಿಯೂ ಬಿಳಿ, ಕೆಂಪೂ ಬಿಳಿ. ಹಳದಿಯ ಮೇಲಿನ ಕರಿಯ ಗೆರೆಯನ್ನು ಅದು ಓದುತ್ತದೆ. ಕೆಂಪು ಗೆರೆಯನ್ನು ಕಾಣುವುದೇ ಇಲ್ಲ.

ಕಾಗದವೂ ಎರಡು ಬಗೆ. ಒಂದು, ಬಿಸಿ ತಾಗಿದೊಡನೆ ತಾನೇ ಕಪ್ಪಾಗುವುದು. ಶಾಯಿ ಬೇಡ, ಖರ್ಚು ಕಡಮೆ, ಆದರೆ ಬಿಸಿಲಿಗೂ ಕಾವಿಗೂ ಅಚ್ಚು ಕೆಡುತ್ತದೆ. ಇನ್ನೊಂದರಲ್ಲಿ ಮೇಣ ಅಥವಾ ರಾಳ ಬೆರೆತ ರಿಬ್ಬನ್ನಿನ ಕಪ್ಪು ಕಾಗದಕ್ಕೆ ಅಂಟುತ್ತದೆ. ತಿಂಗಳುಗಟ್ಟಲೆ ಅಂಗಡಿಯ ಕಪಾಟಿನಲ್ಲಿರಬೇಕಾದ ಪೊಟ್ಟಣಕ್ಕೆ ಈ ಎರಡನೆಯದೇ ಲೇಸು. ಯಂತ್ರದ ತಲೆಗೆ ಧೂಳು ಕವಿದರೂ, ಅದರಲ್ಲಿ ಒಂದು ಬಿಂದು ಸುಟ್ಟರೂ ಚೀಟಿಯುದ್ದಕ್ಕೂ ಬಿಳಿಯ ಸೀಳು ಮೂಡುತ್ತದೆ. ಅರಿಸಿನದ ಪುಡಿ ಹಾರಾಡುವ ಕೋಣೆಯಲ್ಲಿ ಅದನ್ನು ಇಡದಿರುವುದೇ ಜಾಣತನ.

ಸಾವಿರ ಚೀಟಿ ಹೊಡೆಯುವ ಮೊದಲು ಒಂದನ್ನು ಪೊಟ್ಟಣಕ್ಕೆ ಅಂಟಿಸಿ ಅಂಗಡಿಯ ಯಂತ್ರದಲ್ಲಿಯೇ ಓದಿಸಿ ನೋಡಬೇಕು. ಹದಿಮೂರು ಅಂಕಿಗಳಿಂದ ಅರಿಸಿನದ ಬಣ್ಣವೇರದು, ಘಮಲು ಹೆಚ್ಚದು; ಗಿರಾಕಿ ಎರಡನೆಯ ಬಾರಿ ಬರುವುದು ಪುಡಿಯ ಗುಣವನ್ನು ನೆಚ್ಚಿಯೇ. ಆದರೆ ಮೊದಲ ಬಾರಿ ಪೊಟ್ಟಣವು ಅವನ ಕೈಗೆ ಸಿಗಬೇಕಾದರೆ ಅದು ಮಳಿಗೆಯ ಬಾಗಿಲನ್ನು ದಾಟಬೇಕು. ಮೂಟೆಯಲ್ಲಿ ಹೆಸರಿಲ್ಲದೆ ಹೋಗುತ್ತಿದ್ದ ಬೆಳೆಯು ಬೆಳೆದವರ ಹೆಸರನ್ನು ಹೊತ್ತು ಆ ಬಾಗಿಲನ್ನು ದಾಟುವುದಾದರೆ, ಈ ಗೆರೆಗಳಿಗಾಗಿ ಪಟ್ಟ ಶ್ರಮ ವ್ಯರ್ಥವಲ್ಲ.